ಬಾಸಿಂಗದ ಹಿಂದಿನ ಮುಖ

ಯಗಟಿಯಲ್ಲಿ ರಾಗಿ ಬೀಸಿಸಲು ಬರುವವರಿಗೆ ರೇಣುಕಪ್ರಸಾದನ ಮಿಲ್ಲಿನ ಮೇಲೆ ಒಂದೇ ದೂರು, ಅಲ್ಲಿ ತಡವಾಗುತ್ತದೆ. ಕಲ್ಲು ಬಿಸಿಯಾಯಿತು ಅನ್ನಿಸಿದರೆ ಅವನು ಮೋಟಾರು ನಿಲ್ಲಿಸಿ ಕೈಕಟ್ಟಿ ನಿಂತುಬಿಡುತ್ತಾನೆ. ‘ಹಿಟ್ಟು ಸುಟ್ರೆ ಮುದ್ದೆ ರುಚಿ ಕೆಡ್ತದೆ ಕಣಕ್ಕ, ಕೂತ್ಕೊಳಿ’ ಅನ್ನುತ್ತಾನೆ. ಬೈದುಕೊಳ್ಳುತ್ತಲೇ ಎಲ್ಲರೂ ಕೂರುತ್ತಾರೆ. ಮತ್ತೆ ಅಲ್ಲಿಗೇ ಬರುತ್ತಾರೆ.

ಆ ಬೇಸಿಗೆಯಲ್ಲಿ ಮಿಲ್ಲಿನ ಕಟ್ಟೆಯ ಮೇಲೆ ಇದ್ದದ್ದು ಒಂದೇ ಸುದ್ದಿ. ರೇಣುಕ ಹೆಂಡತಿಯ ಹತ್ತಿರ ಜರ್ಮನಿಗೆ ಹೋಗುತ್ತಾನಂತೆ.

‘ಏನಪ್ಪಾ, ಹೆಣ್ಣು ಗಂಡನ ಮನೆಗೆ ಹೋಗೋದು ನೋಡಿದ್ದೆ. ಇದೇನು ಹೊಸದು?’ ಎಂದು ಹೊನ್ನಯ್ಯ ಎಲ್ಲರ ಮುಂದೆ ಕೆಣಕಿದ.

‘ಹೊಸದೇ ಹೊನ್ನಯ್ಯಣ್ಣ. ಕಳಿಸಿಕೊಡೋ ದಿನ ಸೋಬಾನೆ ಹೇಳೋಕೆ ನೀನೇ ಬರ್ಬೇಕು.’

ಕಟ್ಟೆ ಪೂರ್ತಿ ನಕ್ಕಿತು. ಅವನೂ ನಕ್ಕ. ಅವನಿಗೆ ನಾಚಿಕೆಯಿರಲಿಲ್ಲ. ಹೆಂಡತಿ ಸುಮನಾ ಚೌಳಹಿರಿಯೂರಿನ ರೈತರ ಮನೆಯ ಹುಡುಗಿ. ಕಡೂರಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಮದುವೆಯಾದ ಮರುವರ್ಷ ಜರ್ಮನಿಯ ಆಸ್ಪತ್ರೆಗೆ ಆಯ್ಕೆಯಾದಾಗ ಎರಡೂ ಮನೆಯವರು ಬೇಡವೆಂದಿದ್ದರು. ‘ಓದಿರೋದು ಅವಳು, ಕೆಲಸ ಸಿಕ್ಕಿರೋದು ಅವಳಿಗೆ. ಬೇಡ ಅನ್ನೋಕೆ ನಾವ್ಯಾರು?’ ಎಂದು ಮಾತು ಮುಗಿಸಿದವನು ರೇಣುಕನೇ. ಅವಳು ಜರ್ಮನ್ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದ ತಿಂಗಳುಗಳಲ್ಲಿ ಸಂಜೆಯ ಬಸ್ಸಿಗೆ ಕಾದು ನಿಂತು, ಮನೆ ತಲುಪುವ ತನಕ ಪಾಠ ಒಪ್ಪಿಸಿಕೊಳ್ಳುತ್ತಿದ್ದ. ಒಂದಕ್ಷರ ತಿಳಿಯದಿದ್ದರೂ ಅವಳು ಎಲ್ಲಿ ತಡವರಿಸಿದಳು ಎಂಬುದು ಅವನಿಗೆ ತಿಳಿಯುತ್ತಿತ್ತು.

ಈಗ ಅವಳೊಂದು ಮಾತು ಹೇಳಿದ್ದಳು. ‘ನಿಮಗೆ ವೀಸಾ ಆಗ್ಲಿಲ್ಲ ಅಂದ್ರೆ ನಾನು ಕೆಲಸ ಬಿಟ್ಟು ಬರ್ತೀನಿ. ಒಬ್ಬಳೇ ಇರೋಕೆ ಇನ್ನಾಗಲ್ಲ ಕಣ್ರೀ.’ ಅವಳು ಆಡಿದ್ದನ್ನು ಮಾಡುವ ಹೆಣ್ಣು. ಅಷ್ಟು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ಅವಳು ತನ್ನ ದೆಸೆಯಿಂದ ಇಳಿದು ಬರುವುದು ರೇಣುಕನಿಗೆ ಬೇಕಿರಲಿಲ್ಲ.

ಬೆಂಗಳೂರಿನ ವೀಸಾ ಕಚೇರಿಗೆ ಅವನು ಹೋದದ್ದು ತಾಯಿ ಪ್ರೇಮಮ್ಮ ಹಚ್ಚಿದ ವಿಭೂತಿಯ ಹಣೆಯಲ್ಲೇ. ಅಲ್ಲಿ ಮೊದಲು ಬೆರಳಚ್ಚು ತೆಗೆದುಕೊಂಡರು. ಬಲಗೈಯ ಉಂಗುರದ ಬೆರಳಿನ ತುದಿ ಇರಲಿಲ್ಲ. ಹಿಂದೊಮ್ಮೆ ಮಿಲ್ಲಿನ ಬೆಲ್ಟು ಅದನ್ನು ತೆಗೆದುಕೊಂಡಿತ್ತು. ಯಂತ್ರದ ಮುಂದೆ ಕೂತಿದ್ದವರು ಅದನ್ನು ಬರೆದುಕೊಂಡು ಒಳಗೆ ಕಳಿಸಿದರು.

ಒಳಗೆ ಗಾಜಿನಾಚೆ ಕೂತಿದ್ದ ಹೆಂಗಸಿಗೆ ಕನ್ನಡ ಬರುತ್ತಿತ್ತು. ಹೆಂಡತಿಗೆ ಎಷ್ಟು ಜನ ಒಡಹುಟ್ಟಿದವರು, ಯಾವ ವಾರ್ಡಿನಲ್ಲಿ ಕೆಲಸ, ಕೊನೆಗೆ ಮಾತಾಡಿದ್ದು ಯಾವಾಗ ಎಂದೆಲ್ಲ ಕೇಳಿದರು. ಅವನು ನಿಧಾನವಾಗಿ ಹೇಳುತ್ತ ಹೋದ. ಅವರು ಫೈಲಿನಿಂದ ಮದುವೆಯ ಫೋಟೊ ತೆಗೆದು ಗಾಜಿಗೆ ಒತ್ತಿ ಹಿಡಿದರು.

‘ತಾಳಿ ಕಟ್ತಿರೋ ಈ ಕೈ ನಿಮ್ಮದೇನ್ರೀ?’

ರೇಣುಕ ನೋಡಿದ. ಮೂರು ವರ್ಷದಿಂದ ದೇವರ ಮನೆಯಲ್ಲಿದ್ದ ಫೋಟೊ. ಅವರ ಮದುವೆ ನಡೆದದ್ದು ಮಠದ ಸಾಮೂಹಿಕ ವಿವಾಹದಲ್ಲಿ. ಗಂಡುಗಳಿಗೆಲ್ಲ ಒಂದೇ ಬಗೆಯ ಪಂಚೆ, ಪೇಟ. ಹೆಣ್ಣುಗಳಿಗೆಲ್ಲ ಒಂದೇ ಬಣ್ಣದ ಸೀರೆ. ಎಲ್ಲರ ಹಣೆಗೂ ಬಾಸಿಂಗ ಕಟ್ಟಿ ಅರ್ಧ ಮುಖ ಮುಚ್ಚಿತ್ತು, ಉಳಿದರ್ಧವನ್ನು ಮೇಲಿಂದ ಬಿದ್ದ ಅಕ್ಷತೆ ಮುಚ್ಚಿತ್ತು. ಮಂಟಪಕ್ಕೆ ಮೊಬೈಲು ತರಬಾರದೆಂದು ಮಠದವರು ಹೇಳಿದ್ದರಿಂದ, ತಾಳಿ ಕಟ್ಟುವ ಹೊತ್ತಿನದು ಅಂತ ಇದ್ದದ್ದು ತರೀಕೆರೆಯ ಫೋಟೊದವನು ಕೊಟ್ಟ ಈ ಒಂದೇ ಚಿತ್ರ. ಅದರೊಳಗಿನ ಬಲಗೈಯಲ್ಲಿ ಐದು ಬೆರಳೂ ಪೂರ್ತಿ ಇದ್ದವು.

ಅವರೇ ಮತ್ತೆ ಕೇಳಿದರು. ‘ಬೆರಳು ಹೋಗಿದ್ದು ಮದುವೆ ಆದ್ಮೇಲಾ?’

ಅನುಮಾನದಿಂದ ಕೇಳಿದರೋ ದಯೆಯಿಂದಲೋ ಅವನಿಗೆ ತಿಳಿಯಲಿಲ್ಲ. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮನಾ ಕೆಲಸ ಬಿಡಬೇಕಾಗಿರಲಿಲ್ಲ.

‘ಅಲ್ಲ ಮೇಡಂ. ಮೊದ್ಲೇ ಹೋಗಿತ್ತು. ಇದು ನನ್ನ ಕೈ ಅಲ್ಲ.’

‘ಹಾಗಾದ್ರೆ ಈ ಹುಡುಗಿ?’

ಅವನು ಗಾಜಿಗೆ ಮುಖ ತಂದು ನೋಡಿದ. ‘ಇವಳೂ ಅಲ್ಲ. ಸುಮನಾಗೆ ಕತ್ತು ಇನ್ನೊಂಚೂರು ಉದ್ದ.’

‘ಮೂರು ವರ್ಷ ನಿಮಗೆ ಗೊತ್ತೇ ಆಗ್ಲಿಲ್ವೇನ್ರೀ?’

‘ದಿನಾ ಕೈಮುಗೀತಿದ್ವಿ ಮೇಡಂ. ನೋಡಿರ್ಲಿಲ್ಲ.’

ಅವರು ನಗು ತಡೆದುಕೊಂಡಂತೆ ಕಂಡಿತು. ಆದರೆ ಕಾಗದದ ಮೇಲೆ ಬರೆದದ್ದು ನಗುವ ಮಾತಾಗಿರಲಿಲ್ಲ. ನೋಂದಣಿ ಪತ್ರ ಇರಬಹುದು, ಆದರೆ ಬೇರೆಯವರ ಮದುವೆಯ ಫೋಟೊ ಕೊಟ್ಟ ಮೇಲೆ ಉಳಿದದ್ದನ್ನು ನಂಬುವುದು ಹೇಗೆ? ನಿಮ್ಮ ಮದುವೆಯದ್ದೇ ಆದ ಆಧಾರ ತನ್ನಿ, ಆಮೇಲೆ ನೋಡೋಣ ಎಂದು ಗಡುವು ಕೊಟ್ಟು ಕಳಿಸಿದರು.

ಫೋನಿನಲ್ಲಿ ಸುಮನಾ ಅತ್ತಳು. ‘ಹೌದು ಅಂದ್ಬಿಟ್ಟಿದ್ರೆ ಆಗ್ತಿತ್ತಲ್ರೀ.’

‘ಆಗ್ತಿತ್ತು. ಆಮೇಲೆ ನಿನ್ನ ಹತ್ರ ಬರೋದು ನಾನೋ, ಆ ಫೋಟೊದೋನೋ?’

ಅಳುತ್ತಿದ್ದವಳು ನಕ್ಕಳು.

ತರೀಕೆರೆಯ ಫೋಟೊದವನು ಆ ವರ್ಷದ ಚಿತ್ರಗಳಿದ್ದ ಕಂಪ್ಯೂಟರೇ ಹಾಳಾಯಿತೆಂದು ಕೈಯಲ್ಲಾಡಿಸಿಬಿಟ್ಟ. ರೇಣುಕ ಬಸ್ ಸ್ಟ್ಯಾಂಡಿನಲ್ಲಿ ಕೂತು ಯೋಚಿಸಿದ. ಅವರ ಫೋಟೊ ನಮ್ಮ ಮನೆಗೆ ಬಂದಿದ್ದರೆ ನಮ್ಮದು ಅವರ ಮನೆಗೆ ಹೋಗಿರಬೇಕು. ಅವತ್ತು ಪಕ್ಕದಲ್ಲಿ ಕೂತಿದ್ದ ಗಂಡು ಉಗ್ರಪ್ಪ ಪೇಟ ಬಿಗಿಯಾಯಿತೆಂದು ಗೊಣಗುತ್ತಲೇ ಇದ್ದ. ಅಜ್ಜಂಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇದೆ, ಮಿಲ್ಲಿನ ಮೋಟಾರು ಸುಟ್ಟರೆ ಬನ್ನಿ ಎಂದೂ ಹೇಳಿದ್ದ. ರೇಣುಕ ಅಜ್ಜಂಪುರದ ಬಸ್ಸು ಹತ್ತಿದ.

ಅಂಗಡಿ ಸಿಕ್ಕಿತು, ಉಗ್ರಪ್ಪನೂ ಸಿಕ್ಕಿದ. ವಿಷಯ ಕೇಳಿದವನೇ ಕೈಯ ತಾಮ್ರದ ತಂತಿ ಬಿಟ್ಟು ಹಿಂದಿನ ಮನೆಗೆ ಕರೆದೊಯ್ದ. ದೇವರ ಗೂಡಿನ ಪಕ್ಕ, ಗಂಧದ ಹಾರದ ಕೆಳಗೆ, ತುದಿಯಿಲ್ಲದ ಬೆರಳು ತಾಳಿಯ ಗಂಟು ಬಿಗಿಯುತ್ತಿತ್ತು.

‘ಲೇ ಮಾಲಿನಿ, ನಾನು ಅವತ್ತೇ ಅಂದಿರ್ಲಿಲ್ವೇನೇ? ಇಷ್ಟು ಸಣ್ಣ ಹೊಟ್ಟೆ ನಂದಲ್ಲ ಅಂತ.’

‘ಎಲ್ಲಂದ್ರಿ? ಚೆನ್ನಾಗಿ ಬಂದಿದ್ದೀನಿ ಅಂತ ನೀವೇ ಮೊಳೆ ಹೊಡೆದಿದ್ದು,’ ಎಂದಳು ಅವನ ಹೆಂಡತಿ.

ಅವರಿಬ್ಬರ ಮಾತು ರೇಣುಕನಿಗೆ ಕೇಳಿಸುತ್ತಿರಲಿಲ್ಲ. ಚಿತ್ರದಲ್ಲಿ ಬಾಸಿಂಗ ಒಂದಿಷ್ಟು ಪಕ್ಕಕ್ಕೆ ಸರಿದಿತ್ತು. ಸುಮನಾ ತುಟಿ ಕಚ್ಚಿ, ಗಂಟು ಹಾಕುವ ಅವನ ಬೆರಳಿನತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಗಂಟು ಕಟ್ಟಲು ಬರುತ್ತದೋ ಇಲ್ಲವೋ ಎಂಬ ಆತಂಕ, ಬಂದೇ ಬರುತ್ತದೆಂಬ ಭರವಸೆ, ಎರಡೂ ಆ ಕಣ್ಣಿನಲ್ಲಿದ್ದವು. ತನ್ನ ಮದುವೆಯ ದಿನ ಅವಳ ಮುಖ ಹೇಗಿತ್ತೆಂದು ಅವನು ಕಂಡದ್ದು ಈಗಲೇ.

ಉಗ್ರಪ್ಪ ಮೊಳೆಯಿಂದ ಫೋಟೊ ಇಳಿಸಲು ಕೈಯೆತ್ತಿದಾಗ ಮಾಲಿನಿ ತಡೆದಳು. ‘ಸ್ವಲ್ಪ ಇರಿ. ಮೂರು ವರ್ಷ ದೀಪ ಹಚ್ಚಿದ್ದೀನಿ. ಹಂಗೇ ಬರಿಗೈಲಿ ಕಳಿಸೋಕಾಗುತ್ತಾ?’ ಹೊಸ ರವಿಕೆ ಕಣ ಹಾಸಿ, ಅದರ ಮೇಲೆ ಫೋಟೊ ಇಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಇಟ್ಟಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವ ಹಾಗೆ. ಕಟ್ಟಿಕೊಡುತ್ತ, ‘ಅಣ್ಣ, ನಮ್ಮದನ್ನ ಬೇಗ ಕಳಿಸಿ. ಗೋಡೆ ಭಣಭಣ ಅನ್ನುತ್ತೆ,’ ಎಂದಳು.

ಎರಡನೆಯ ಸಲ ಗಾಜಿನಾಚೆ ಅದೇ ಹೆಂಗಸಿದ್ದರು. ಫೋಟೊ ನೋಡಿದರು, ಅವನ ಕೈ ನೋಡಿದರು. ಎಲ್ಲಿ ಸಿಕ್ಕಿತೆಂದು ಕೇಳಿದರು. ಅಜ್ಜಂಪುರದ ಕಥೆಯನ್ನು ಅವನು ಮಡಿಲಕ್ಕಿಯ ಸಮೇತ ಹೇಳಿದ. ಅವರು, ಪಾಸ್‌ಪೋರ್ಟು ಮನೆಗೆ ಬರುತ್ತದೆ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಲಕೋಟೆ ಬಂದಾಗ ಮಿಲ್ಲು ಓಡುತ್ತಿತ್ತು. ಅವನು ಹೋದ ಮೇಲೆ ಮಿಲ್ಲು ನಾನೇ ನಡೆಸುತ್ತೇನೆಂದು ಹಟ ಹಿಡಿದಿದ್ದ ಪ್ರೇಮಮ್ಮ ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದರು. ರೇಣುಕ ಲಕೋಟೆಯನ್ನು ಅಂಗಿಯೊಳಗೆ ಸೇರಿಸಿ ಕಾಂತಮ್ಮನ ರಾಗಿಯನ್ನೇ ಬೀಸುತ್ತಿದ್ದ. ಕಾಂತಮ್ಮ ಎದ್ದು ಬಂದು ತಾನೇ ಸ್ವಿಚ್ಚು ಆರಿಸಿದಳು.

‘ನನ್ನ ರಾಗಿ ಎಲ್ಲೂ ಓಡಿಹೋಗಲ್ಲ ಕಣೋ. ಮೊದ್ಲು ಅದನ್ನ ಒಡಿ.’

ಒಡೆದ. ಹಾಳೆ ತಿರುಗಿಸಿದ. ವೀಸಾ ಇತ್ತು, ಅವನ ಮುಖದ ಪುಟ್ಟ ಚಿತ್ರದ ಸಮೇತ. ಹೊನ್ನಯ್ಯ ಕತ್ತು ಚಾಚಿ ಇಣುಕಿ, ‘ಈ ಸಲ ಇವನೇ ಕಣ್ರೋ,’ ಎಂದ. ಪ್ರೇಮಮ್ಮ ಕಣ್ಣೊರೆಸಿಕೊಂಡು ಮಗನಿಗೆ ಫೋನು ಕೊಟ್ಟರು.

ಸುಮನಾ ಹಲೋ ಎಂದಳು.

‘ಬತ್ತೀನಿ ಕಣೇ,’ ಎಂದ ರೇಣುಕ.