ಮಲ್ಲಿಗೆಯ ಮೇಲೆ ಹೊರಿಸಿದ್ದು

ಅಂಗಡಿಯ ಕಂಪ್ಯೂಟರನ್ನು ಕೆಡಿಸಿದ್ದು ಮಲ್ಲಿಗೆ ಹೂವಿನ ನೀರಲ್ಲ — ನಾನು. ಸ್ಟೆಲ್ಲಕ್ಕನ ಅಪ್ಪನ ಹಾಡುಗಳನ್ನು ಅಳಿಸಿದವಳೂ ನಾನೇ. ಮೊದಲನೆಯದು ಕೈತಪ್ಪು. ಎರಡನೆಯದು ಗೊತ್ತಿದ್ದೂ ಮಾಡಿದ್ದು. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿಕೊಳ್ಳುವಷ್ಟು ಹತ್ತಿರದವರು ನನಗಿದ್ದದ್ದೇ ಒಬ್ಬರು, ಮೋಸಹೋದವರೂ ಅವರೇ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಗ್ರಹಾರದ ಒಂದು ಇಕ್ಕಟ್ಟು ಬೀದಿಯಲ್ಲಿ ನಾವಿಬ್ಬರು ಸೇರಿ ಡಿಟಿಪಿ ಅಂಗಡಿ ನಡೆಸುತ್ತಿದ್ದೆವು. ಲಗ್ನಪತ್ರಿಕೆ, ಕರಪತ್ರ, ಮಠದ ಆಹ್ವಾನ, ಚರ್ಚಿನ ಹಾಡಿನ ಪುಸ್ತಕ — ಎಲ್ಲಕ್ಕೂ ಒಂದೇ ಕಂಪ್ಯೂಟರು. ಸ್ಟೆಲ್ಲಕ್ಕ ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮಾತಿನಲ್ಲಿ ಇನ್ನೂ ದೊಡ್ಡವರು. ಅವರಪ್ಪ ಚರ್ಚಿನಲ್ಲಿ ಹಾಡುತ್ತಿದ್ದವರು. ಗಂಟಲಿಗೆ ಕಾಯಿಲೆ ಬಂತು. ಆಪರೇಷನ್ ಆದರೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟರು. ಹಾಗಾಗಿ ಅದಕ್ಕೂ ಮುಂಚೆ ಒಂದು ಭಾನುವಾರ ಅವರನ್ನು ಅಂಗಡಿಗೆ ಕರೆತಂದು, ಷಟರ್ ಅರ್ಧ ಎಳೆದು, ಮೈಕಿನ ಮುಂದೆ ಕೂರಿಸಿ ಹಾಡಿಸಿದೆವು. ನಡುನಡುವೆ ಕೆಮ್ಮು. ಕೆಮ್ಮಿದ್ದನ್ನೂ ಅಳಿಸಬೇಡ ಅಂದರು ಅಕ್ಕ.

"ಕ್ರಿಸ್‌ಮಸ್‌ಗೆ ಅಪ್ಪಂಗೆ ಅವರ ದನೀನೇ ಕೇಳಿಸ್ತೀನಿ ಕಣೆ ಗೌರಿ."

ಗಿರಾಕಿಗಳ ಕೆಲಸಕ್ಕೆಲ್ಲ ಫ್ಲಾಪಿಯಲ್ಲಿ ನಕಲಿತ್ತು. ಹಾಡು ಫ್ಲಾಪಿಗೆ ಹಿಡಿಸುವುದಿಲ್ಲ. ಯಾರಾದರೂ ಸೀಡಿಗೆ ಹಾಕಿಕೊಡಬೇಕಿತ್ತು — ದಸರೆಯ ಕೆಲಸದ ಗಡಿಬಿಡಿಯಲ್ಲಿ ಅದು ನಾಳೆ ನಾಳೆಯಾಯಿತು.

ಆಯುಧಪೂಜೆ ಬರುವಷ್ಟರಲ್ಲಿ ಆಪರೇಷನ್ ಆಗಿ ಸ್ಟೆಲ್ಲಕ್ಕನ ಅಪ್ಪನ ದನಿ ಹೋಗಿತ್ತು. ನಾನು ಮಠದ ಭಕ್ತರ ಮನೆಯಲ್ಲಿ ಬೆಳೆದವಳು. ಪೂಜೆಯಾದ ಯಂತ್ರವನ್ನು ಆ ದಿನ ಮುಟ್ಟುವಂತಿಲ್ಲ. ನಾನು ಕಂಪ್ಯೂಟರಿಗೆ ವಿಭೂತಿ ಹಚ್ಚಿದೆ. ಸ್ಟೆಲ್ಲಕ್ಕ ಹೂವಾಡಗಿತ್ತಿಯ ಬುಟ್ಟಿಯಿಂದ ಆಗಷ್ಟೇ ತಂದ, ಇನ್ನೂ ನೀರು ತೊಟ್ಟಿಕ್ಕುವ ಮಲ್ಲಿಗೆ ದಂಡೆಯನ್ನು ಅದರ ನೆತ್ತಿಯ ಮೇಲಿಟ್ಟು, "ನಿಮ್ಮ ಹಬ್ಬ ಅಂದ್ಮೇಲೆ ನಮ್ಮಂಗಡೀದೂ ಹಬ್ಬಾನೇ ಕಣಮ್ಮ" ಅಂದರು. ನನ್ನ ಸಂತೋಷಕ್ಕೆ ಇಟ್ಟ ಹೂವು ಅದು.

ಮಧ್ಯಾಹ್ನ ಅವರು ಮನೆಗೆ ಹೋದರು. ನನಗೆ ಹೋಗಬೇಕಾದ ಮನೆಯೇ ಇರಲಿಲ್ಲ — ಬಾಡಿಗೆಯ ಒಂದು ಕೋಣೆ, ಅಷ್ಟೇ. ಸಂಜೆಗೆ ಊರೆಲ್ಲ ದಸರೆಯ ದೀಪ ನೋಡಲು ಗುಂಪುಗುಂಪಾಗಿ ಹೊರಟಿತ್ತು. ಆಗ ನಾನು ಒಂದು ಕಂಪ್ಯೂಟರ್ ಪತ್ರಿಕೆ ತರಿಸುತ್ತಿದ್ದೆ. ಅದರ ಪ್ರಶ್ನೋತ್ತರ ಪುಟದಲ್ಲಿ, ವಿಂಡೋಸಿನ ಬದಲು ಬಳಸುವ ಲಿನಕ್ಸ್ ಬಗ್ಗೆ ಬರೆಯುವವರೇ ನನ್ನ ಬಳಗ, ಅವರಿಗೆ ನಾನ್ಯಾರೆಂದು ಗೊತ್ತಿಲ್ಲದಿದ್ದರೂ. ಆ ತಿಂಗಳ ಪತ್ರಿಕೆಯ ಜೊತೆ ಲಿನಕ್ಸ್ ಸೀಡಿ ಬಂದಿತ್ತು. ಇವತ್ತು ಯಾರೂ ಬರುವುದಿಲ್ಲ ಅಂದುಕೊಂಡೆ. ಹೂವನ್ನು ಪಕ್ಕಕ್ಕೆ ಸರಿಸಿ, ಮುಟ್ಟಬಾರದ ದಿನ ಮುಟ್ಟಿದೆ.

ಡಿಸ್ಕಿನಲ್ಲಿ ಮೂರು ಭಾಗವಿತ್ತು: ಸಿ-ಯಲ್ಲಿ ವಿಂಡೋಸ್, ಡಿ-ಯಲ್ಲಿ ನಮ್ಮ ಕೆಲಸ ಮತ್ತು ಆ ಹಾಡುಗಳು, ಮೂರನೆಯದು ಖಾಲಿ. ಖಾಲಿ ಜಾಗಕ್ಕೆ ಲಿನಕ್ಸ್ ಹಾಕಿದೆ. ಕೊನೆಯಲ್ಲಿ ಒಂದು ಪ್ರಶ್ನೆ: ಬೂಟ್‌ಲೋಡರ್ ಎಲ್ಲಿ ಕೂರಬೇಕು? ಕಂಪ್ಯೂಟರ್ ಹಾಕಿದೊಡನೆ ವಿಂಡೋಸೋ ಲಿನಕ್ಸೋ, ಯಾವುದನ್ನು ಎಬ್ಬಿಸಬೇಕೆಂದು ನೋಡಿಕೊಳ್ಳುವ ಚಿಕ್ಕ ಪ್ರೋಗ್ರಾಂ ಅದು. ಅಲ್ಲಿ ಸಿ, ಡಿ ಅನ್ನುವ ಹೆಸರಿರಲಿಲ್ಲ, ಬರೀ ನಂಬರು. ಬಲ್ಲವಳ ಹಾಗೆ ಒಂದನ್ನು ಒತ್ತಿದೆ. ಅದು ಹೋಗಿ ಡಿ-ಯ ಮೊದಲ ತುಣುಕಿನ ಮೇಲೆ ಕೂತಿತು.

ವಿಂಡೋಸಿಗೆ ಮರಳಿ ಡಿ ತೆರೆದರೆ — ಈ ಡ್ರೈವ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ? ಬೇಡ ಎಂದು ಒತ್ತಿದೆ. ಮಾಡಿದರೆ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವಷ್ಟು ಬುದ್ಧಿ ಇತ್ತು. ಲಿನಕ್ಸಿನ, ಕಣ್ಣಿಗೆ ಕಾಣುವ ಗುರುತೆಲ್ಲ ಅಳಿಸಿ, ಹೂವನ್ನು ಮೊದಲಿದ್ದ ಕಡೆಯೇ ಇಟ್ಟೆ.

ಹಬ್ಬ ಮುಗಿದು ಅಂಗಡಿ ತೆಗೆದಾಗ ಡಿ ತೆರೆಯಲಿಲ್ಲ. ಸ್ಟೆಲ್ಲಕ್ಕ ನನ್ನ ಮುಖ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಅನ್ನುವ ಮೊದಲೇ ನನ್ನ ಬಾಯಿ ತೆರೆದುಕೊಂಡಿತು.

"ಹೂವಿನ ನೀರು ಒಳಗಿಳಿದಿರ್ಬೇಕು ಅಕ್ಕ."

ಬಾಡಿದ ದಂಡೆಯನ್ನು ಅವರು ಎರಡು ಬೆರಳಲ್ಲಿ ಎತ್ತಿದರು, ಕಸದ ಬುಟ್ಟಿಗೆ ಹಾಕಿದರು, ಸೆರಗಿನಿಂದ ಆ ಜಾಗವನ್ನು ಒರೆಸುತ್ತಲೇ ಇದ್ದರು. ಒಣಗಿದ ಜಾಗವನ್ನು.

ಇಲ್ಲಿಯವರೆಗಿನದನ್ನು ಹೆದರಿಕೆ ಅನ್ನಬಹುದೇನೋ. ಮುಂದಿನದನ್ನು — ಏನನ್ನಬೇಕೋ ತಿಳಿಯದು. ಕೆಲವು ದಿನ ಬಿಟ್ಟು ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಹುಡುಕಿದೆ. ಕೆಟ್ಟಿರುವುದು, ಡಿ-ಯನ್ನು ಹೇಗೆ ಓದಬೇಕೆಂದು ಹೇಳುವ ಆ ಮೊದಲ ತುಣುಕು ಮಾತ್ರ. ಅದರ ಒಂದು ನಕಲು ಅದೇ ಭಾಗದಲ್ಲಿ ಸ್ವಲ್ಪ ಮುಂದೆ ಇರುತ್ತದೆ. ತಿಳಿದವರು ಅದನ್ನು ತಂದು ಹಿಂದಿನ ಜಾಗದಲ್ಲಿ ಕೂರಿಸಿದರೆ ಎಲ್ಲ ಇದ್ದ ಹಾಗೇ ಸಿಗುತ್ತದೆ. ಅಂದರೆ ಹಾಡುಗಳು ಅಲ್ಲೇ ಇದ್ದವು, ಕೆಮ್ಮಿನ ಸಮೇತ. ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಆಗುವವರನ್ನು ಕರೆದರೆ, ಅವರು ಆ ತುಣುಕನ್ನು ನೋಡಿದ ಕ್ಷಣ ಕೇಳುತ್ತಾರೆ: ಇಲ್ಲಿ ಲಿನಕ್ಸ್ ಹಾಕಿದವರು ಯಾರು?

ಮಾರನೆಯ ದಿನವೇ ಸ್ಟೆಲ್ಲಕ್ಕ ಅಂದರು: "ಕಡಕೊಳದ ಫ್ಯಾಕ್ಟ್ರೀಲಿ ನನ್ನ ತಮ್ಮನ ಸ್ನೇಹಿತ ಕಂಪ್ಯೂಟರ್ ನೋಡ್ಕೋತಾನೆ. ಒಂದ್ಸಲ ತೋರ್ಸೋಣ್ವಾ?"

"ನೀರು ಕುಡಿದ ಡಿಸ್ಕು ಅಕ್ಕ. ಯಾರ್ಗೆ ತೋರ್ಸಿದ್ರೂ ಅಷ್ಟೆ. ಫಾರ್ಮ್ಯಾಟ್ ಮಾಡ್ಬುಡೋಣ, ಕೆಲಸ ನಿಂತಿದೆ."

ಅವರು ತಲೆಯಾಡಿಸಿದರು. ನನ್ನನ್ನು ನಂಬಿ ತಲೆಯಾಡಿಸಿದರು. ನಾನು ಫಾರ್ಮ್ಯಾಟ್ ಮಾಡಿದೆ. ಆ ಜಾಗದ ಮೇಲೆ ಲಗ್ನಪತ್ರಿಕೆಗಳನ್ನು ತುಂಬಿದೆ.

ಕ್ರಿಸ್‌ಮಸ್ ಹತ್ತಿರ ಬಂದಾಗ ಅಪ್ಪ ಅಂಗಡಿಗೆ ಬಂದರು, ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿಕೊಂಡು. ಸ್ಪೀಕರಿನ ಕಡೆ ಬೆರಳು ತೋರಿಸಿ ನಕ್ಕರು. ಸ್ಟೆಲ್ಲಕ್ಕ ಅವರ ಕೈ ಹಿಡಿದುಕೊಂಡು ಹೇಳಿದರು: "ನಾನೇ ಹಾಳ್ಮಾಡ್ಬುಟ್ಟೆ ಅಪ್ಪ. ಹೂವಿಟ್ಟು ಹಾಳ್ಮಾಡ್ದೆ." ಅಪ್ಪ ಮಗಳ ತಲೆ ಸವರಿದರು. ನಾನು ಕೀಬೋರ್ಡು ಒರೆಸುತ್ತಿದ್ದೆ.

ಆಮೇಲೆ ಸ್ಟೆಲ್ಲಕ್ಕನ ಎದುರು ಕೂರುವುದು ನನ್ನಿಂದಾಗಲಿಲ್ಲ. ಏನೋ ನೆಪ ಹೇಳಿ ಅಂಗಡಿ ಬಿಟ್ಟೆ. ಕೆಲವು ವರ್ಷದ ಮೇಲೆ ಅಪ್ಪ ತೀರಿಕೊಂಡಾಗ ಹೋಗಿದ್ದೆ. ಎಲ್ಲರೂ ಪೆಟ್ಟಿಗೆಗೆ ಹೂವಿಡುವಾಗ ಸ್ಟೆಲ್ಲಕ್ಕ ಮಾತ್ರ ಕೈಕಟ್ಟಿಕೊಂಡು ನಿಂತಿದ್ದರು. ಯಾಕೆಂದು ಆ ಜನರಲ್ಲಿ ನನಗೊಬ್ಬಳಿಗೇ ಗೊತ್ತು. ಈಗ ರಾಮಕೃಷ್ಣನಗರದ ಈ ಮನೆಯಲ್ಲಿ ಒಬ್ಬಳೇ ಇದ್ದೇನೆ. ಒಳ್ಳೆಯ ಸುದ್ದಿಯಿರಲಿ ಕೆಟ್ಟದ್ದಿರಲಿ, ಮೊದಲು ಸ್ಟೆಲ್ಲಕ್ಕನಿಗೆ ಹೇಳಬೇಕು ಅನ್ನಿಸುತ್ತಿತ್ತು. ಹೇಳುತ್ತಿರಲಿಲ್ಲ.

ಹೋದ ವಾರ ಹೋಗಿ ಹೇಳಿದೆ. ಎಲ್ಲವನ್ನೂ, ಫಾರ್ಮ್ಯಾಟಿನವರೆಗೂ. ಸ್ಟೆಲ್ಲಕ್ಕ ಬೈಯಲಿಲ್ಲ. ಒಂದೇ ಮಾತು ಕೇಳಿದರು.

"ಆವತ್ತೇ ಹೇಳಿದ್ರೆ ಸಿಕ್ತಿತ್ತಾ ಗೌರಿ?"

"ಸಿಕ್ತಿತ್ತು ಅಕ್ಕ."

ಅವರು ಎದ್ದು ಒಳಗೆ ಹೋದರು. ನಾನು ಕಾದೆ — ಬೈಯುವುದಕ್ಕಾದರೂ ಬರುತ್ತಾರೆ ಎಂದು. ಬರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ.