ತಂಪು ಕೋಣೆಯ ಬಸೆಟ್ಟೆಪ್ಪ ಕಾಕಾ

ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಸೆಟ್ಟೆಪ್ಪ ಕಾಕಾನ ಮಾತು ಅರ್ಧಕ್ಕೇ ನಿಂತಿತು. ಆ ಬಾಯಿ ತಾನಾಗಿ ನಿಂತದ್ದನ್ನು ಗಂಗಾವತಿಯಲ್ಲಿ ಯಾರೂ ಕಂಡಿರಲಿಲ್ಲ.

ಕಾಕಾ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದು ನಮ್ಮ ಶೆಡ್ಡಿಗೆ ಬಂದವರು. ಅಲ್ಲಿ ಭತ್ತದ ಹೊಟ್ಟಿನಿಂದ ಶಾಖ ತಡೆಯುವ ಹಲಗೆ ಮಾಡುತ್ತಿದ್ದೆವು. ಹಲಗೆಯ ಪೆಟ್ಟಿಗೆಗೆ ಮೈನಸ್ ನೂರ ತೊಂಬತ್ತಾರು ಡಿಗ್ರಿಯ ದ್ರವ ಸಾರಜನಕ ಸುರಿದು, ಅದೆಷ್ಟು ಬೇಗ ಆವಿಯಾಗುತ್ತದೆಂದು ತೂಗುವುದೇ ಪರೀಕ್ಷೆ. ತಕ್ಕಡಿ, ಮೀಟರು ನನ್ನವು; ಕಾಕಾನದು ಬರಿ ಅಂಗೈ. ಪೆಟ್ಟಿಗೆಯ ಹೊರಮೈ ಸವರಿ, "ಬೆವರಾಕತ್ತೈತಿ, ಫೇಲ್" ಎನ್ನುತ್ತಿದ್ದರು. ಅದನ್ನೇ ಹೇಳಲು ನನ್ನ ಮೀಟರಿಗೆ ಅರ್ಧ ಗಂಟೆ ಬೇಕು. "ನಿನ್ನ ಮೀಟರ್ ಡಬ್ಬಿ ಇನ್ನೂ ಕಣ್ಣಿಗೆ ಚಾಳೀಸ ಹುಡುಕಾಕತ್ತೈತಿ ನೋಡವ್ವ!"

ಬೇಸಿಗೆಯಲ್ಲಿ ಶೆಡ್ಡಿಗೆಲ್ಲ ಆ ಪರೀಕ್ಷೆ ನಡೆಸುವ ಪುಟ್ಟ ಕೋಣೆಯೊಂದೇ ತಂಪು. 'ಬಾಗಿಲು ಮುಚ್ಚಬಾರದು' ಎಂದು ನಾನು ಬರೆಸಿದ ಫಲಕದ ಮೇಲೆ ಕಾಕಾ ಟವೆಲ್ ಒಣಹಾಕುತ್ತಿದ್ದರು. ಅಷ್ಟಾದರೂ ಉಪಯೋಗವಾಯಿತಲ್ಲ. ಅಂದು ನೆಲದ ಮೇಲೆ ರೊಟ್ಟಿಗಂಟು ಬಿಚ್ಚುತ್ತ, "ಬಾಗಲಾ ಹಾಕವ್ವ, ತಂಪೆಲ್ಲ ಪುಕ್ಕಟ ಹೊರಗ ಹೊಂಟೈತಿ" ಎಂದರು. ಸಾರಜನಕ ತುಂಬಿದ ಕೋಣೆಯಲ್ಲಿ ಉಸಿರಾಡಲು ಗಾಳಿ ಉಳಿಯದೆಂದು ಕಾಲೇಜಿನಲ್ಲಿ ಒಂದೂವರೆ ಪುಟ ಬರೆದು ಪ್ರಥಮ ದರ್ಜೆ ಪಡೆದ ನಾನೇ ಎದ್ದು ಬಾಗಿಲು ಹಾಕಿದೆ.

ಸಾರಜನಕ ಸುರಿದಿಟ್ಟಿದ್ದ ಪೆಟ್ಟಿಗೆಯ ಮೂಲೆ ಬಿರಿಯಿತು. ಬಿಳಿ ಆವಿ ನೆಲದ ಮೇಲೆ ಹರಿದು ಬಂತು.

"ಕಾಶ್ಮೀರ ಬಂತು ನೋಡವ್ವ!"

ಇಬ್ಬರೂ ನಕ್ಕೆವು. ಕಾಕಾ ಮತ್ತೆ ಮೀಟರನ್ನು ಬೈಯತೊಡಗಿದರು; ಹಾಗೇ ಗೋಡೆಗೆ ಒರಗಿದರು. ತೂಕಡಿಕೆ ಎಂದುಕೊಂಡೆ. ವಾಸನೆಯಿಲ್ಲ, ಕೆಮ್ಮಿಲ್ಲ, ಇಷ್ಟು ಸಭ್ಯವಾದ ಸಾವನ್ನು ನಾನು ಎಲ್ಲೂ ಓದಿರಲಿಲ್ಲ. ನನ್ನ ಕೈಯ ರೊಟ್ಟಿ ಜಾರಿದಾಗ ತಿಳಿಯಿತು. ನೆಲದ ಮೇಲೆ ಕೂರಲೊಲ್ಲದ ನನ್ನ ಕಾಲೇಜು ಮೊಣಕಾಲು ಇಬ್ಬರನ್ನೂ ಉಳಿಸಿತು: ತಣ್ಣನೆಯ ಆವಿ ಕೆಳಗಿತ್ತು, ನಾನು ಸ್ಟೂಲಿನ ಮೇಲಿದ್ದೆ. ಉಸಿರು ಬಿಗಿಹಿಡಿದು ಬಾಗಿಲು ತೆಗೆದೆ, ಕಾಕಾನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೆ.

ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟರು. "ಯಾಕವ್ವ, ಇಂಥಾ ಬಿಸಲಾಗ ತಂದು ಕೆಡವೀದಿ?"

ನಾನು ಅತ್ತೆ.

ಮಾಲೀಕರು ಗಂಭೀರವಾಗಿ ವಿಚಾರಣೆ ನಡೆಸಿ, ಇನ್ನೆರಡು ಫಲಕ ಬರೆಸಿದರು. ನಾನು ದಿನಾ ರಾತ್ರಿಯಿಡೀ ಎದ್ದೆದ್ದು ಮನೆಯ ಕಿಟಕಿಗಳನ್ನು ತೆರೆಯುತ್ತಿದ್ದೆ. ತಾಯಿಯ ಮೂಗಿನ ಬಳಿ ಬೆರಳಿಡುತ್ತಿದ್ದೆ.

ಹದಿನೈದು ದಿನಕ್ಕೆ ಕಾಕಾ ಸ್ಪ್ಯಾನರ್ ಹಿಡಿದು ಬಂದರು. "ಕೆಲಸ ಬಿಟ್ಟೆ. ಮನ್ಯಾಗ ಆಕಿ ಆಣಿ ಹಾಕ್ಯಾಳ" ಎಂದವರೇ, ಯಾರನ್ನೂ ಕೇಳದೆ ಆ ಕೋಣೆಯ ಬಾಗಿಲನ್ನು ಕಿತ್ತು ಇಳಿಸಿದರು. "ಓದಿದವರೇ ಮುಚ್ಚತಾರ ಅಂದಮ್ಯಾಲೆ ಬೋರ್ಡ್ ಏನ ಮಾಡೀತವ್ವ? ಈಗ ಏನ ಮುಚ್ಚತಿ, ಮುಚ್ಚು!"

ಬಾಗಿಲನ್ನು ಟೆಂಪೋಕ್ಕೆ ಹೇರಿಕೊಂಡು ತಮ್ಮೂರು ಕನಕಗಿರಿಯ ದಾರಿ ಹಿಡಿದರು. ಆಮೇಲೆ ಅವರನ್ನು ನಾನು ಕಂಡಿಲ್ಲ. ಅಂದು ರಾತ್ರಿ ಮಲಗಿದವಳು ಎದ್ದದ್ದು, ಮುಖಕ್ಕೆ ಬಿಸಿಲು ಬಡಿದಾಗಲೇ.