ವೀಣೆಯ ಮಡಿಲಕ್ಕಿ

ಹಡಗು ಬರುವ ರಾತ್ರಿ ನಾನು ಮನೆಯಲ್ಲಿ ಒಂದು ಕಡೆ ಕೂರಲಿಲ್ಲ. ಕ್ರೇಗಿಬರ್ನಿನಿಂದ ಕಾರಿನಲ್ಲಿ ವಿಲಿಯಮ್ಸ್‌ಟೌನಿಗೆ ಹೋಗೋಣ, ಅಲ್ಲಿಯ ದಂಡೆಯಿಂದ ಮೆಲ್ಬರ್ನಿನ ಬಂದರು ಎದುರಿಗೇ ಕಾಣುತ್ತದೆ ಎಂದೆ. ಗಂಡ ನಕ್ಕರು. ಹಡಗು ಎಲ್ಲಿದೆ ಎಂದು ಫೋನಿನಲ್ಲೇ ಗೊತ್ತಾಗುತ್ತದಲ್ಲ, ಹೋಗಿ ಆರತಿ ಎತ್ತುತ್ತೀಯಾ ಎಂದರು. ಮಗಳು ಜಾಕೆಟ್ ಹುಡುಕುತ್ತಾ ಗೊಣಗಿದಳು. ಇಬ್ಬರನ್ನೂ ಹೊರಡಿಸಿದೆ.

ಆ ಹಡಗಿನ ಯಾವುದೋ ಕಂಟೇನರಿನಲ್ಲಿ ಅಕ್ಕನ ವೀಣೆ ಇತ್ತು. ಮೈಸೂರಿನಲ್ಲಿ ನಾವಿಬ್ಬರೂ ಕಲಿತದ್ದು ಆ ಒಂದೇ ವೀಣೆಯಲ್ಲಿ. ನಾನು ಅರ್ಧಕ್ಕೆ ಬಿಟ್ಟೆ, ಅವಳು ಬಿಡಲಿಲ್ಲ. ಈಗ ಸಂಧಿವಾತದಿಂದ ಅವಳ ಬೆರಳುಗಳನ್ನು ಮಡಚಲು ಬರುವುದಿಲ್ಲ. ಮೂಲೆಯಲ್ಲಿ ಅದನ್ನು ನೋಡಿಕೊಂಡು ಕೂರಲಾರೆ, ನೀನು ಇಟ್ಟುಕೋ ಎಂದು ಕಳಿಸಿದ್ದಳು. ಸಿಡ್ನಿಯಲ್ಲಿ, ಎಪ್ಪಿಂಗ್‌ನ ಫ್ಲ್ಯಾಟಿನಲ್ಲಿದ್ದಾಗ ಜಾಗವಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಇಲ್ಲಿಗೆ ಬಂದು ಮನೆ ಮಾಡಿದ ಮೇಲೆ ನೆಪ ಉಳಿಯಲಿಲ್ಲ.

ವೀಣೆ ಬರುತ್ತಿದೆ ಎಂಬ ಸಂಭ್ರಮಕ್ಕೆ ಅಂದು ಸಂಜೆಯೇ ಕಲ್ಲು ಬಿತ್ತು. ಅಕ್ಕ ಫೋನಿನಲ್ಲಿ ಅದೂ ಇದೂ ಮಾತಾಡುತ್ತಾ, "ಮಡಿಲಕ್ಕಿ ಕಟ್ಟೇ ಕಳಿಸಿದ್ದೀನಿ ಕಣೇ. ಹೆಣ್ಣುಮಗು ಹಾಗೇ ಹೋಗ್ಬಾರ್ದಲ್ಲ," ಎಂದಳು. ತವರಿನಿಂದ ಹೊರಡುವ ಮಗಳಿಗೆ ತುಂಬುವ ಹಾಗೆ ಅಕ್ಕಿ, ಅರಿಶಿನದ ಕೊಂಬು, ಕೊಬ್ಬರಿ ಗಿಟುಕು, ವೀಳ್ಯದೆಲೆ ಎಲ್ಲವನ್ನೂ ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿ, ವೀಣೆಯ ಪಕ್ಕದಲ್ಲಿಟ್ಟು ಪೆಟ್ಟಿಗೆ ಮುಚ್ಚಿಸಿದ್ದಳಂತೆ. ಒಂದು ಬೀಜ, ಒಂದು ಒಣ ಎಲೆ ಕಂಡರೂ ಸುಮ್ಮನೆ ಬಿಡದ ದೇಶ ಇದು. ತಿನ್ನುವ ಪದಾರ್ಥ ಏನೂ ಇಲ್ಲ ಎಂದು ನಾನು ಆಗಲೇ ಬಂದರಿನ ತಪಾಸಣೆಯವರಿಗೆ ಬರೆದುಕೊಟ್ಟಿದ್ದೆ. ಅಕ್ಕಿಗೆ ಹುಳು ಹಿಡಿದಿದ್ದರೆ ವೀಣೆಯ ಮರವನ್ನೂ ಅನುಮಾನಿಸುತ್ತಾರೆ, ಸುಟ್ಟರೂ ಸುಟ್ಟಾರು. ಅಕ್ಕನಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ. ಅವಳ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ದಂಡೆಯಲ್ಲಿ ಗಾಳಿ ಕೊರೆಯುತ್ತಿತ್ತು. ಗಂಡ, ಮಗಳು ಬೆಂಚಿನ ಮೇಲೆ ಕೂತರು, ನಾನು ಅತ್ತಿಂದಿತ್ತ ತಿರುಗಿದೆ. ಕತ್ತಲಲ್ಲಿ ಮೊದಲು ಕಂಡದ್ದು ಒಂದೆರಡು ದೀಪ. ಅವು ಅಲುಗಿದಂತೆಯೇ ಕಾಣಲಿಲ್ಲ. ಮತ್ತೆ ತಿರುಗಿ ನೋಡುವಷ್ಟರಲ್ಲಿ ಎದುರು ದಡದ ದೀಪಗಳು ಒಂದೊಂದಾಗಿ ಮರೆಯಾಗತೊಡಗಿದ್ದವು. ಹಡಗು ಅವಕ್ಕೆ ಅಡ್ಡ ಬರುತ್ತಿತ್ತು. ಎರಡು ಪುಟ್ಟ ಟಗ್ ದೋಣಿಗಳು, ಮದುವೆಮನೆಯಲ್ಲಿ ದಪ್ಪಗಿನ ಸೋದರತ್ತೆಯನ್ನು ಮಣೆಯ ಮೇಲೆ ಕೂರಿಸುವವರ ಹಾಗೆ, ಅದನ್ನು ಮೆಲ್ಲಗೆ ತಿರುಗಿಸುತ್ತಿದ್ದವು. ಮೇಲೆ ಅಂತಸ್ತು ಅಂತಸ್ತಾಗಿ ಪೇರಿಸಿದ ಕಂಟೇನರುಗಳು. ಅಷ್ಟು ದೊಡ್ಡ ಹಡಗು ಎದುರಿಗಿದ್ದರೂ ನನ್ನ ತಲೆಯೊಳಗೆ ಇದ್ದದ್ದು ಅಕ್ಕ ಕಟ್ಟಿದ ಎರಡು ಹಿಡಿ ಅಕ್ಕಿ ಮಾತ್ರ.

"ಸುಮ್ನಿರು. ನಾವಾಗೇ ಹೇಳಿದ್ರೆ ಖಂಡಿತ ಬಿಚ್ಚಿಸ್ತಾರೆ," ಎಂದರು ಗಂಡ. ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬಚ್ಚಿಟ್ಟಿದ್ದೆ ಎಂದಾದರೆ ಆಮೇಲೆ ವೀಣೆಯನ್ನು ಉಳಿಸಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಮಗಳು ನನ್ನ ತಣ್ಣಗಿನ ಕೈ ಹಿಡಿದು, "ಅಮ್ಮ, ಜಸ್ಟ್ ಟೆಲ್ ದೆಮ್," ಎಂದಳು. ಹಡಗು ದಡಕ್ಕೆ ತಾಗುವವರೆಗೂ ನಿಂತಿದ್ದು ಮನೆಗೆ ಬಂದೆವು.

ಬೆಳಿಗ್ಗೆ ಸಾಮಾನು ಸಾಗಿಸುವ ಏಜೆಂಟನಿಗೆ ಫೋನ್ ಮಾಡಿದೆ. ಮಡಿಲಕ್ಕಿಗೆ ಇಂಗ್ಲಿಷ್ ಎಲ್ಲಿಂದ ತರಲಿ? ಮನೆ ಬಿಟ್ಟು ಹೋಗುವ ಮಗಳಿಗೆ ಕೊಡುವ ಅಕ್ಕಿ ಎಂದೆ. ಮಗಳು ಎಲ್ಲಿದ್ದಾಳೆ ಎಂದು ಆತ ಕೇಳಿದ. ಪೆಟ್ಟಿಗೆಯಲ್ಲಿ ಎಂದುಬಿಟ್ಟೆ. ಅದು ವೀಣೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ನಾನು ಬೆವತುಹೋಗಿದ್ದೆ. ಗಂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕಾದೂ ಕಾದೂ ಸಾಕಾದ ಮೇಲೆ ವೀಣೆ ಮನೆಗೆ ಬಂತು. ಪೆಟ್ಟಿಗೆಯನ್ನು ಬಿಚ್ಚಿ ಮತ್ತೆ ಅಂಟಿಸಿದ್ದರು. ತಂತಿಗಳು ಸಡಿಲವಾಗಿದ್ದವು. ಗಂಟು ಇರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಕ್ಕ ವೀಣೆಗಿಂತ ಮೊದಲು ಮಡಿಲಕ್ಕಿಯನ್ನೇ ವಿಚಾರಿಸಿದಳು, ಪಾಯಸ ಮಾಡಿದಿರಾ ಎಂದು. ಅದನ್ನು ತಪಾಸಣೆಯವರೇ ಇಟ್ಟುಕೊಂಡರು ಎಂದು ಹೇಳಲೇಬೇಕಾಯಿತು. ಅವಳ ಮುಖ ಸಣ್ಣದಾಯಿತು.

"ಬರಿಗೈಲಿ ಬಂದ್ಲಾ ಹಾಗಾದ್ರೆ?"

ನಾನು ಫೋನನ್ನು ವೀಣೆಯ ಕೊಡದ ಹತ್ತಿರ ಹಿಡಿದೆ. ಕಳಿಸುವಾಗ ಅವಳು ಹಚ್ಚಿದ್ದ ಅರಿಶಿನ ಹಾಗೇ ಇತ್ತು. ಮಡಚಲಾಗದ ಬೆರಳಲ್ಲಿ ಎಳೆದದ್ದು, ಸೊಟ್ಟಗಿತ್ತು. ಅಕ್ಕ ಮುಖವನ್ನು ಫೋನಿಗೆ ಹತ್ತಿರ ತಂದು ಅದನ್ನು ನೋಡಿದಳು.

"ಸರಿ. ಇನ್ನು ಶ್ರುತಿ ಮಾಡು," ಎಂದಳು.